ಕಾಫಿ ಕಣದಲ್ಲಿ ನಾನು ಕಲಿತ ಗೆರೆ

ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿದ್ದ ವರ್ಷ. ಮೂರ್ನಾಡಿನಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದು ಆಗಷ್ಟೇ ನಿವೃತ್ತನಾಗಿದ್ದ ನನ್ನನ್ನು ಒಂದು ಸ್ವಯಂಸೇವಾ ಸಂಸ್ಥೆ ಕರೆಯಿತು. ಬಿಟ್ಟಂಗಾಲದ ಸುತ್ತಿನ ಮೂರು ಕಾಫಿ ಎಸ್ಟೇಟುಗಳ ಲೈನ್ ಮನೆಗಳೆಂಬ ಸಾಲುಮನೆಗಳಲ್ಲಿರುವ ಇಪ್ಪತ್ತು ಮಹಿಳಾ ಕಾರ್ಮಿಕರಿಗೆ ಹನ್ನೆರಡು ವಾರ ಆನ್‌ಲೈನ್‌ನಲ್ಲಿ ಚಿತ್ರಕಲೆ ಕಲಿಸಬೇಕು, ಮುಗಿಸಿದವರಿಗೆ ಪ್ರಮಾಣಪತ್ರ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನಿಗೆ ಇದೇನು ಮಹಾ ಎಂದುಕೊಂಡು ಒಪ್ಪಿದೆ.

ಡ್ರಾಯಿಂಗ್ ಶೀಟು, ಹನ್ನೆರಡು ಬಣ್ಣದ ಪೆಟ್ಟಿಗೆ, ಮೂರು ಬ್ರಷ್ ಎಂದು ಪಟ್ಟಿ ಕಳಿಸಿದೆ. ಬೆಳಿಗ್ಗೆ ಹನ್ನೊಂದಕ್ಕೆ ಕ್ಲಾಸು. ಮೊದಲ ವಾರ ಬಂದವರು ಮೂವರು, ಮೂವರ ಕ್ಯಾಮೆರಾವೂ ಬಂದ್. ಎರಡನೇ ವಾರ ಒಬ್ಬರೂ ಇಲ್ಲ. ಇವರಿಗೆ ಆಸಕ್ತಿಯೇ ಇಲ್ಲ ಎಂದು ಸಂಸ್ಥೆಗೆ ಬರೆದುಬಿಟ್ಟೆ. ಮುಂದಿನ ವಾರ ಹತ್ತು ಜನರಾದರೂ ಬಾರದಿದ್ದರೆ ನಿಲ್ಲಿಸೋಣ ಎಂದು ಉತ್ತರ ಬಂತು.

ಅದನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ ಸಂಜೆಯೇ ಲಕ್ಷ್ಮಿ ಎಂಬ ವಿದ್ಯಾರ್ಥಿನಿಯ ಫೋನ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಫಿ ಕೊಯ್ಯಲು ಹೋದವರು, ನಲವತ್ತರ ಆಸುಪಾಸು.

"ನಿಲ್ಸಬೇಡಿ ಸಾರ್. ನನ್ನ ಹೆಸ್ರಲ್ಲಿ ಇವತ್ತಿನವರೆಗೆ ಒಂದು ಸರ್ಟಿಫಿಕೇಟ್ ಇಲ್ಲ. ಹನ್ನೊಂದು ಗಂಟೆಗೆ ನಾವು ಪಿಕ್ಕಿಂಗಲ್ಲಿ ಇರ್ತೇವೆ, ಲೈನ್ ಮನೇಲಿ ನೆಟ್‌ವರ್ಕೂ ಇಲ್ಲ. ಒಮ್ಮೆ ಬಂದು ನೋಡಿ."

ನನಗೆ ನಾಚಿಕೆಯಾಯಿತು. ಮರುದಿನವೇ ಹೋದೆ. ಸಿಗ್ನಲ್ ಸಿಗುತ್ತಿದ್ದುದು ಎತ್ತರದ ಕಾಫಿ ಕಣದಲ್ಲಿ, ಅಂದರೆ ಬೀಜ ಒಣಗಿಸುವ ಸಿಮೆಂಟಿನ ಅಂಗಳದಲ್ಲಿ ಮಾತ್ರ. ಆ ದಿನ ಕಣದ ಕೆಲಸಕ್ಕಿದ್ದ ಲಕ್ಷ್ಮಿ ಹಲ್ಲಿರುವ ಮರದ ಹಲಗೆಯಿಂದ ಕಾಫಿ ಕೆದಕುತ್ತಿದ್ದರು. ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಸಾಲುಗಳು ಒಂದನ್ನೊಂದು ಮುಟ್ಟದೆ ಬಾಗಿಕೊಂಡು ಹೋಗಿದ್ದವು. ಅಂಥ ಗೆರೆಯನ್ನು ನನ್ನ ಶಿಷ್ಯರಿಂದ ಒಮ್ಮೆಯೂ ಎಳೆಸಲು ನನಗಾಗಿರಲಿಲ್ಲ.

"ಈ ಡ್ರಾಯಿಂಗ್ ಯಾರು ಕಲಿಸಿದ್ದು?" ಎಂದೆ.

"ಎಂತ ಡ್ರಾಯಿಂಗ್ ಸಾರ್! ಬೀಜ ಒಣಗ್ಲಿಕ್ಕೆ ಸಾಲು ಎಳೆದದ್ದಷ್ಟೆ."

ಬಣ್ಣ, ಬ್ರಷ್‌ಗಳ ಪಟ್ಟಿ ಹರಿದು ಹಾಕಿದೆ. ಕ್ಲಾಸು ಸಂಜೆ ಐದಕ್ಕೆ, ಅವರವರ ಎಸ್ಟೇಟಿನ ಕಣದಿಂದಲೇ ಎಂದಾಯಿತು. ಮೂರನೇ ವಾರದ ಪಾಠ ಲಕ್ಷ್ಮಿಯವರದು, ವಿದ್ಯಾರ್ಥಿ ನಾನು. ಕಿಟಕಿಗೆ ಫೋನ್ ಒರಗಿಸಿ, ಮನೆಯಂಗಳದಲ್ಲಿ ಮರಳು ಹರವಿ, ಅವರು ಹೇಳಿದಂತೆ ಹಲಗೆ ಎಳೆದೆ. ಸಾಲು ಹಾವು ಹರಿದ ಹಾಗೆ ಬಂತು. ಅಂಗಳ ಸಮತಟ್ಟಿಲ್ಲ ಎಂದು ಗೊಣಗಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು ಸಾರ್!" ಎಂದರು ಲಕ್ಷ್ಮಿ.

ಎಲ್ಲರೂ ಹೋ ಎಂದು ನಕ್ಕರು. ಮುಚ್ಚಿದ್ದ ಕ್ಯಾಮೆರಾಗಳು ಒಂದೊಂದಾಗಿ ತೆರೆದುಕೊಂಡವು. ತಮ್ಮ ಸಾಲು ತೋರಿಸಲು ಎಲ್ಲರಿಗೂ ಅವಸರ. ಎಣಿಸಿದೆ, ಹದಿನೇಳು ಜನ. ಕ್ಲಾಸು ಉಳಿಯಿತು.

ಅಲ್ಲಿಂದ ಮುಂದೆ ಒಲೆಯ ಇದ್ದಿಲು, ಹಳೆಯ ಪೇಪರುಗಳೇ ನಮ್ಮ ಸಾಮಗ್ರಿ. ಹನ್ನೆರಡು ವಾರ ಕಳೆದು ಮಡಿಕೇರಿಯಲ್ಲಿ ಚಿತ್ರಗಳ ಪ್ರದರ್ಶನವಾಯಿತು. ಹತ್ತೊಂಬತ್ತು ಮಂದಿಗೆ ಪ್ರಮಾಣಪತ್ರ. ಲಕ್ಷ್ಮಿ ತಮ್ಮದನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಹೆಸರನ್ನು ಗಟ್ಟಿಯಾಗಿ ಓದಿಕೊಂಡರು. ನನ್ನ ಎದೆ ಉಬ್ಬಿತು, ಮುಚ್ಚಿಡುವುದೇಕೆ.

ಕಲಿಯುವವರು ಬರಲಿಲ್ಲವೆಂದರೆ ಆಸಕ್ತಿಯಿಲ್ಲ ಎಂದು ಬರೆಯುವ ಮೊದಲು, ಅವರ ಹೊತ್ತು ಯಾವುದು, ಅವರ ಕೈಗೆ ಈಗಾಗಲೇ ಏನು ಗೊತ್ತು ಎಂದು ಹೋಗಿ ನೋಡಬೇಕು. ಮೂವತ್ತು ವರ್ಷದ ನೌಕರಿ ಕಲಿಸದ್ದನ್ನು ಆ ಹನ್ನೆರಡು ವಾರ ಕಲಿಸಿತು.

ಪ್ರದರ್ಶನದಿಂದ ಹೊರಡುವಾಗ ಲಕ್ಷ್ಮಿ ನನಗೂ ಒಂದು ಹಾಳೆ ಕೊಟ್ಟರು. ಕಟ್ಟು ಹಾಕಿಸಿ ಗೋಡೆಯಲ್ಲಿ ತೂಗುಹಾಕಿದ್ದೇನೆ. ಇದ್ದಿಲಿನಲ್ಲಿ ಬರೆದಿದ್ದಾರೆ: "ಸಾರ್. ಹಾಜರಿ ಪೂರ್ತಿ. ಗೆರೆ ಇನ್ನೂ ಸೊಟ್ಟ. ಪಾಸ್."