ರಕ್ತ ಹೆಚ್ಚಾದ ಚನ್ನವೀರಣ್ಣ

ಕೆನಡಾದ ಬ್ರ್ಯಾಂಪ್ಟನ್ನಿನ ನಮ್ಮ ಗೋದಾಮಿನ ಅಂಗಳದಲ್ಲಿ ಉದ್ದುದ್ದ ಟ್ರೇಲರುಗಳನ್ನು ಹಿಂದಕ್ಕೆ ನಡೆಸಿ ಬಾಗಿಲಿಗೆ ಕೂರಿಸುವುದು ಚನ್ನವೀರಪ್ಪನವರ, ಅಂದರೆ ನಮ್ಮ ಚನ್ನವೀರಣ್ಣನ, ಕೆಲಸ. ರಾಣೆಬೆನ್ನೂರಿನವರು, ವಯಸ್ಸು ಐವತ್ತಾರು. ಹದಿನೆಂಟು ವರ್ಷ ವಿನ್ನಿಪೆಗ್‌ವರೆಗೆ ಲಾರಿ ಓಡಿಸಿ, ಹೆಂಡತಿ ನಿಂಗವ್ವ "ಇನ್ನರ ಮನ್ಯಾಗ ಮಲಗೂದು ಕಲೀರಿ" ಅಂದ ಮೇಲೆ ಇಲ್ಲಿಗೆ ಬಂದವರು. ನಾನು ಅದೇ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವವನು, ಅವರ ಬೇಸ್‌ಮೆಂಟಿನ ಬಾಡಿಗೆದಾರ, ಅವರ ಕಾರಿನ ಕಾಯಂ ಪ್ರಯಾಣಿಕ. ಲೈಸೆನ್ಸು ನನಗೂ ಇತ್ತು, ಧೈರ್ಯ ಇರಲಿಲ್ಲ.

ಅವರ ಮುಖ ಸದಾ ಕೆಂಪು. ಕೆನಡಾದ ನೀರು ಚೆನ್ನಾಗಿ ಹಿಡಿದಿದೆ ಎಂದು ನಮ್ಮವರೆಲ್ಲ ಹೊಗಳುತ್ತಿದ್ದರು. ಬಿಸಿನೀರಿನ ಸ್ನಾನ ಮಾಡಿದರೆ ಸಾಕು, ಮೈಯೆಲ್ಲ ಕೆರೆತ. ಕಾರು ಓಡಿಸುತ್ತಲೇ ಬೆನ್ನನ್ನು ಸೀಟಿಗೆ ಉಜ್ಜುವರು. ನಾನು ನಗುತ್ತಿದ್ದೆ.

ಜನವರಿಯಲ್ಲಿ ತಲೆನೋವು ಶುರುವಾಯಿತು. "ಮಲಗಿದ್ರ ಜಾಸ್ತಿ ಆಕ್ಕೈತಿ ತಮ್ಮಾ. ಬಗ್ಗಿದ್ರಂತೂ ತಲಿ ಸಿಡದಂಗ."

ನಾನು ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾದ ಎರಡು ಸೆಮಿಸ್ಟರ್ ಓದಿದವನು. ಕಲಿತದ್ದು ಆಸ್ಪತ್ರೆಗೆ ಕುರ್ಚಿ ಖರೀದಿಸುವ ವಿಧಾನ. ಆದರೂ ಪಂಡಿತನಂತೆ ಹೇಳಿದೆ: "ರಕ್ತ ಕಡಿಮೆ ಆಗಿದೆ ಚನ್ನವೀರಣ್ಣ. ನಿಶ್ಶಕ್ತಿ." ನಮ್ಮ ಜನಕ್ಕೆ ಬರುವ ಕಾಯಿಲೆ ಅದೊಂದೇ ತಾನೆ! ಕಬ್ಬಿಣದ ಮಾತ್ರೆಯನ್ನೂ ನಾನೇ ತಂದುಕೊಟ್ಟೆ. ನಿಂಗವ್ವ ದಿನಾ ಬೀಟ್‌ರೂಟ್ ಪಲ್ಯ ಮಾಡಿದರು.

ಹತ್ತು ದಿನಕ್ಕೆ ಅವರಿಗೆ ಒಂದು ಟ್ರೇಲರು ಎರಡಾಗಿ ಕಂಡಿತು. ಕನ್ನಡಕ ಬದಲಿಸಲು ಹೋದರೆ, ಕಣ್ಣು ನೋಡಿದಾಕೆ ಕಣ್ಣಿನ ಹಿಂದಿನ ನರ ಊದಿದೆ, ಈಗಲೇ ಎಮರ್ಜೆನ್ಸಿಗೆ ಹೋಗಿ ಎಂದಳು. ಸ್ಕ್ಯಾನಿನಲ್ಲಿ ತಿಳಿಯಿತು: ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ರಕ್ತನಾಳದಲ್ಲೇ ಹೆಪ್ಪು. ಹೊರದಾರಿ ಕಟ್ಟಿ, ಒಳಗೆ ಒತ್ತಡ.

ಚನ್ನವೀರಣ್ಣ ಕೇಳಿದ್ದು ಒಂದೇ: "ಮತ್ತ ಗಾಡಿ ಓಡಸಬಹುದೇನ್ ಕೇಳೋ."

ಕೇಳಿದೆ. ನರದ ಊತ ಇಳಿಯಬೇಕು, ದೃಷ್ಟಿ ಪೂರ್ತಿ ಮರಳುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಚನ್ನವೀರಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನನಗೋ, ನಾಳೆ ಕೆಲಸಕ್ಕೆ ಎರಡು ಬಸ್ಸು ಹಿಡಿಯಬೇಕಲ್ಲ ಎಂಬ ಚಿಂತೆ. ಇಂಥವನು ನಾನು.

ಹೆಪ್ಪು ಕರಗಲು ಔಷಧಿ ಶುರುವಾಯಿತು. ಅದು ಕಟ್ಟಿದ್ದೇಕೆಂಬುದು ಮಾತ್ರ ತಿಳಿಯಲಿಲ್ಲ. ಕೆಂಪು ರಕ್ತಕಣ ತುಸು ಹೆಚ್ಚಿತ್ತು. ನೀರು ಕಡಿಮೆ ಕುಡಿದಿರಬಹುದು ಎಂದುಕೊಂಡರು. ರಕ್ತರೋಗದ ಡಾಕ್ಟರು ಬಂದು ಬೇರೆ ತೊಂದರೆ ಇದೆಯೇ ಎಂದಾಗ ಚನ್ನವೀರಣ್ಣ "ನಥಿಂಗ್" ಅಂದರು.

"ಕೆರೆತ ಹೇಳಿ," ಅಂದೆ.

"ಸುಮ್ನಿರಲೇ, ಮರ್ಯಾದಿ ಕಳೀಬ್ಯಾಡ."

ನಾನೇ ಹೇಳಿಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ಬಿಸಿನೀರಿನ ಸ್ನಾನದ ನಂತರವೇ?" ಇನ್ನೊಂದು ಪರೀಕ್ಷೆ ಬರೆದರು. ಎರಡು ವಾರಕ್ಕೆ ಉತ್ತರ ಬಂತು: ಮೂಳೆಯ ಮಜ್ಜೆ ಹದ ತಪ್ಪಿ ರಕ್ತಕಣಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟಿಸುತ್ತಿದೆ, ರಕ್ತ ಮಂದವಾಗಿದೆ. ಔಷಧಿಗಳ ಪಟ್ಟಿ ನೋಡಿ ಡಾಕ್ಟರು ಹುಬ್ಬೇರಿಸಿದರು. ಕಬ್ಬಿಣದ ಮಾತ್ರೆ ಕೊಟ್ಟವರು ಯಾರು?

ನಿಂಗವ್ವ ಬೆರಳು ಮಾಡಿ ನನ್ನನ್ನು ತೋರಿಸಿದರು.

ಆಮೇಲೆ, ಹೆಚ್ಚಾದ ರಕ್ತ ಇಳಿಸಲು, ಆಗಾಗ ಹೋಗಿ ಒಂದು ಚೀಲ ರಕ್ತ ತೆಗೆಸುವುದು. ಅದನ್ನು ಯಾರಿಗೂ ಕೊಡುವಂತಿಲ್ಲ ಎಂದು ತಿಳಿದು ಅವರಿಗೆ ತಡೆಯಲಾಗಲಿಲ್ಲ. "ಯವ್ವಾ, ಇಷ್ಟೂ ಚೆಲ್ಲಿಬಿಡ್ತೀರೇನ?" ಎಂದು ನರ್ಸಿಗೆ ಕನ್ನಡದಲ್ಲೇ ಕೇಳಿದರು. ಆಕೆ ನಕ್ಕು ಜ್ಯೂಸು ಕೊಟ್ಟಳು.

ಅವರನ್ನು ಕರೆದೊಯ್ಯುವವನು ನಾನೇ. ಮೂರೂವರೆ ತಿಂಗಳು ಅವರ ಕಾರು ನನ್ನ ಕೈಯಲ್ಲಿತ್ತು. ಅವರು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿದ್ದರು.

ಮೇ ತಿಂಗಳಲ್ಲಿ ಕಣ್ಣಿನ ಡಾಕ್ಟರು ಊತ ಇಳಿದಿದೆ, ದೃಷ್ಟಿ ಸರಿಯಾಗಿದೆ, ಗಾಡಿ ಓಡಿಸಬಹುದು ಎಂದು ಬರೆದುಕೊಟ್ಟರು. ಪಾರ್ಕಿಂಗಿನಲ್ಲಿ ಚನ್ನವೀರಣ್ಣ ಕೈ ಚಾಚಿದರು.

"ಕೀಲಿ."

"ಇವತ್ತೊಂದು ದಿನ ರೆಸ್ಟ್ ಮಾಡಿ ಅಣ್ಣ."

ಹಿಂದಿನ ಸೀಟಿನಿಂದ ನಿಂಗವ್ವ, "ಕೊಡಪಾ. ನನಗೂ ಇನ್ನಷ್ಟು ದಿನ ಬದಕೂ ಆಸೆ ಐತಿ."

ಕೊಟ್ಟೆ. ಅವರು ಸೀಟು ಸರಿಸಿ, ಕನ್ನಡಿ ತಿರುಗಿಸಿ, ಕಾಗದವನ್ನು ಇನ್ನೊಮ್ಮೆ ತೆಗೆದು ಓದಿ ಮಡಚಿಟ್ಟರು. ಆಮೇಲೆ ಕಾರನ್ನು ಹಿಂದಕ್ಕೆ ತೆಗೆದರು, ಒಂದೇ ಏಟಿಗೆ.