ಅಪ್ಪ ಹುಡುಕಿದ ಡಬ್ಬಿ

ಮೊನ್ನೆ ಬ್ಯಾಂಕಿನಲ್ಲಿ ಗುಮಾಸ್ತೆಯೊಬ್ಬಳು ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆಗೆದಳು. ಒದ್ದೆ ಬಟ್ಟೆಗೆ ಔಷಧಿ ಬೆರೆತಂಥ ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ನಾನು ಬಂದ ಕೆಲಸವನ್ನೇ ಮರೆತು ನಿಂತುಬಿಟ್ಟೆ. ಅಪ್ಪನ ಬೆರಳ ತುದಿಗಳಿಂದ ಯಾವಾಗಲೂ ಅದೇ ವಾಸನೆ ಬರುತ್ತಿತ್ತು. ಅವರು ತುಮಕೂರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆಯಲ್ಲಿ ಮಾತು ಬಲು ಕಡಿಮೆ. ಊಟಕ್ಕೆ ಕೂತರೆ ಸಾರು ಬೇಕೋ ಬೇಡವೋ ಎಂಬುದನ್ನೂ ಕೈಯಾಡಿಸಿಯೇ ಹೇಳುತ್ತಿದ್ದರು. ನಮ್ಮ ಜೊತೆ ಆಡಲು ಅವರೇ ಕಂಡುಕೊಂಡ ದಾರಿಯೊಂದಿತ್ತು. ಹಳೆಯ ನಶ್ಯದ ಡಬ್ಬಿಯೊಳಗೆ ಪುಟ್ಟ ಪುಸ್ತಕ, ತಾವೇ ಮರದಲ್ಲಿ ಕೊರೆದ ಒಂದು ಅಚ್ಚು ಮತ್ತು ಶಾಯಿ ಹೀರಿದ ಬಟ್ಟೆಯ ತುಂಡು ಇಟ್ಟು, ಊರಿನ ದೊಡ್ಡ ಪಾರ್ಕಿನ ಕಾಲುದಾರಿಗಳಲ್ಲಿ ಎಲ್ಲಾದರೂ ಬಚ್ಚಿಡುತ್ತಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಕೈಗೆ ಒಂದು ಚೀಟಿ ಬರುತ್ತಿತ್ತು: ‘ಬಾಯಾರಿದವರು ನಿಲ್ಲುವ ಜಾಗದಿಂದ ಸೂರ್ಯ ಮುಳುಗುವ ಕಡೆಗೆ ಇಪ್ಪತ್ತು ಹೆಜ್ಜೆ. ಅಲ್ಲಿ ಗಡ್ಡದ ಮುದುಕನ ಕಾಲ ಬಳಿ ನೋಡಿ.’ ನಲ್ಲಿಯಿಂದ ಹೆಜ್ಜೆ ಎಣಿಸುತ್ತ ಹೋದರೆ ಬಿಳಲು ಬಿಟ್ಟ ಆಲದ ಮರ, ಅದರ ಬೇರಿನ ಸಂದಿಯಲ್ಲಿ ಡಬ್ಬಿ! ಪುಸ್ತಕದಲ್ಲಿ ಹೆಸರು ಬರೆದು, ಅಳಿಲಿನದೋ ಮೀನಿನದೋ ಅಚ್ಚನ್ನು ನಮ್ಮ ನೋಟ್‌ಬುಕ್ಕಿಗೆ ಒತ್ತಿಕೊಂಡು, ಡಬ್ಬಿಯನ್ನು ಅಲ್ಲೇ ಇಟ್ಟು ಬರಬೇಕು. ಅದನ್ನು ನಾವು ಅಂಚೆಡಬ್ಬಿ ಆಟ ಎನ್ನುತ್ತಿದ್ದೆವು.

ಅಕ್ಕ ಸರೋಜ ನನಗಿಂತ ಎಂಟು ವರ್ಷ ದೊಡ್ಡವಳು. ಸೂರ್ಯ ಎಲ್ಲಿ ಮುಳುಗುತ್ತಾನೆಂದು ನನಗೆ ಕಲಿಸಿದವಳೇ ಅವಳು. ಅವಳು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಕುಣಿಗಲ್ಲಿನಿಂದ ಒಂದು ಸಂಬಂಧ ಬಂತು. ತೆಂಗಿನ ತೋಟ, ಹೊಲ ಇದ್ದ ಒಳ್ಳೆಯ ಮನೆತನ. ಆದರೆ ಹುಡುಗಿ ಇನ್ನು ಓದುವುದು ಬೇಡ ಎಂದಿದ್ದರು. ಅಕ್ಕನಿಗೆ ಟೀಚರ್ ಟ್ರೈನಿಂಗಿಗೆ ಸೇರುವ ಆಸೆ. ಅಜ್ಜಿ ಒಪ್ಪಿಯಾಗಿತ್ತು, ಅಪ್ಪ ಏನೂ ಹೇಳಿರಲಿಲ್ಲ. ಏನೂ ಹೇಳದಿದ್ದರೆ ಒಪ್ಪಿದಂತೆ ಎಂದೇ ಎಲ್ಲರೂ ತಿಳಿದರು. ಸೋಮವಾರ ಕುಣಿಗಲ್ಲಿನವರು ಹೂ ಮುಡಿಸಲು ಬರುವುದೆಂದು ನಿಶ್ಚಯವಾಯಿತು. ಶನಿವಾರ ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿ ಅಮ್ಮನ ಸೆರಗು ಹಿಡಿದು ಅತ್ತಳು. “ನಾನೇನ್ ಮಾಡ್ಲೇ? ನಿಮ್ಮಪ್ಪನ ಎದುರು ನಿಂತು ಮಾತಾಡೋಕೆ ನಂಗೇ ಬಾಯಿ ಬರಲ್ಲ ಕಣೇ,” ಎಂದು ಅಮ್ಮನೂ ಕಣ್ಣೊರೆಸಿಕೊಂಡಳು.

ಮರುದಿನ ಭಾನುವಾರ. ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಮಡಿಸಿದ ಚೀಟಿಯೊಂದನ್ನು ಕೊಟ್ಟಳು. “ಇದನ್ನ ಅಪ್ಪಂಗೆ ಕೊಡು. ಅವ್ರನ್ನ ಕರ್ಕೊಂಡು ಹೋಗು. ಡಬ್ಬಿ ಸಿಗೋವರ್ಗೂ ವಾಪಸ್ ಬರ್ಬೇಡ ಕಣೇ ಪುಟ್ಟಿ.” ಚೀಟಿ ಅಕ್ಕನ ಅಕ್ಷರದಲ್ಲಿತ್ತು: ‘ಈ ಸಲ ಹುಡುಕಬೇಕಾದವರು ಅಪ್ಪ. ಸಂಪಿಗೆ ಉದುರುವ ದಾರಿಯಲ್ಲಿ ಮೂರನೆಯ ಕಲ್ಲುಬೆಂಚು. ಕೂರಬೇಡಿ, ಬಗ್ಗಿ ನೋಡಿ.’ ಅಪ್ಪ ಎರಡು ಸಲ ಓದಿ, ಮೀಸೆಯಲ್ಲೇ ನಕ್ಕು, ಕೋಟು ಹಾಕಿಕೊಂಡು ಹೊರಟರು.

ಹಿಂದಿನ ಸಂಜೆ ಜೋರು ಮಳೆಯಾಗಿತ್ತು. ಸಂಪಿಗೆ ದಾರಿಯೆಲ್ಲ ಕೆಸರು. ಮೂರನೆಯ ಬೆಂಚಿನ ಕೆಳಗೆ ಬಗ್ಗಿದೆವು, ಏನೂ ಇರಲಿಲ್ಲ. ಎರಡನೆಯದರ ಕೆಳಗೂ ಇಲ್ಲ, ನಾಲ್ಕನೆಯದರ ಕೆಳಗೂ ಇಲ್ಲ. “ಯಾರೋ ಎತ್ಕೊಂಡು ಹೋಗಿರ್ಬೇಕು. ನಡಿ, ಮುಂದಿನ ವಾರ ನೋಡೋಣ,” ಎಂದು ಅಪ್ಪ ತಿರುಗಿದರು. ಮುಂದಿನ ವಾರದ ಹೊತ್ತಿಗೆ ಎಲ್ಲ ಮುಗಿದಿರುತ್ತದೆಂದು ನನ್ನ ಒಂಬತ್ತು ವರ್ಷದ ಬುದ್ಧಿಗೂ ಹೊಳೆಯಿತು. ಅವರ ಕೋಟಿನ ತುದಿ ಹಿಡಿದು, “ಇಲ್ಲಪ್ಪ, ಅದು ಸಿಗ್ಲೇಬೇಕು, ಅಕ್ಕ ಅಳ್ತಾಳೆ,” ಎಂದು ಕೆಸರಿನಲ್ಲೇ ಕೂತು ಗೋಳೋ ಎಂದೆ. ನನ್ನ ಅಳು ಕೇಳಿ ಪಾರ್ಕಿನ ಮಾಲಿ ಗಂಗಯ್ಯ ಕುಡುಗೋಲು ಹಿಡಿದುಕೊಂಡೇ ಓಡಿಬಂದ. “ಯಾಕವ್ವ ಅಳ್ತೀಯ? ಡಬ್ಬಿಗಾ? ಬುಡು ಬುಡು, ನೀರು ನುಗ್ತಿತ್ತು ಅಂತ ನಾನೇ ಎತ್ತಿಕ್ಕಿವ್ನಿ ಕಣವ್ವ. ಮೇಷ್ಟ್ರ ಡಬ್ಬಿ ನಂಗ್ ಗೊತ್ತಿಲ್ವಾ?” ಎಂದು ತನ್ನ ಸಾಮಾನಿನ ಗೂಡಿನಿಂದ ಅದನ್ನು ತಂದು ಕೊಟ್ಟ.

ಒಳಗೆ ಅಚ್ಚು ಇರಲಿಲ್ಲ, ಕಾಗದವೊಂದಿತ್ತು. ಅಪ್ಪ ಬೆಂಚಿನ ಮೇಲೆ ಕೂತು ಓದಿದರು. ‘ಅಪ್ಪ, ನನಗೆ ಈಗ ಮದುವೆ ಬೇಡ. ಓದಿ ಟೀಚರ್ ಆಗಬೇಕು. ಎದುರಿಗೆ ಹೇಳಲು ಧೈರ್ಯವಿಲ್ಲ. ಬೈದರೆ ಬೈಸಿಕೊಳ್ಳುತ್ತೇನೆ.’ ಅಷ್ಟೇ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳುವುದನ್ನು ಮರೆತು ಕಾಗದವನ್ನು ಮಡಿಸಿ ಕೋಟಿನ ಜೇಬಿಗೆ ಇಟ್ಟರು. ಕೊನೆಗೆ, “ಅವ್ಳಿಗೆ ಇಷ್ಟ ಇದೆ ಅಂದ್ಕೊಂಡಿದ್ದೆ ನಾನು,” ಎಂದರು. ನನಗೆ ಹೇಳಿದರೋ ಗಂಗಯ್ಯನಿಗೋ, ತಿಳಿಯಲಿಲ್ಲ. ಮನೆಗೆ ಬಾರದೆ ನೇರ ಬಸ್‌ಸ್ಟ್ಯಾಂಡಿಗೆ ನಡೆದು, ನನ್ನನ್ನೂ ಕೂರಿಸಿಕೊಂಡು ಕುಣಿಗಲ್ಲಿಗೆ ಹೋದರು. ಆ ಮನೆಯ ಹಿರಿಯರ ಎದುರು ಕೈಮುಗಿದು, “ತಪ್ಪು ನಂದು. ಮಗಳನ್ನ ಕೇಳ್ದೆ ನಿಮ್ಮನ್ನ ಕಾಯಿಸ್ಬಿಟ್ಟೆ,” ಎಂದರು. ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹಿರಿಯರ ಮುಖ ಗಂಟಾದರೂ ಮಜ್ಜಿಗೆ ಕೊಡಿಸಿಯೇ ಕಳುಹಿಸಿದರು.

ಸಂಜೆ ನಾವು ಮನೆ ಸೇರಿದಾಗ ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಅಪ್ಪ ಚಪ್ಪಲಿ ಬಿಡುತ್ತ, “ನಾಳೆ ಟ್ರೈನಿಂಗ್ ಫಾರಂ ತರೋಣ. ನೀನೂ ಬಾ,” ಎಂದರು. ಅಕ್ಕ ಬಗ್ಗಿ ಅಪ್ಪನ ಕೆಸರು ಚಪ್ಪಲಿ ಎತ್ತಿ ಬದಿಗಿಟ್ಟಳು. ಒಳಗೆ ಅಜ್ಜಿ ಗೊಣಗುತ್ತಿದ್ದಳು. ಅಮ್ಮ ಮಾತ್ರ ದೇವರ ಮನೆಗೂ ಹೋಗದೆ, ನಿಂತಲ್ಲೇ ಕೈಮುಗಿದಳು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟ ಹಾಗೆ ನಮ್ಮ ಮನೆ ಅಂದು ಉಸಿರಾಡಿತು.

ಆ ಮನೆ ಈಗಿಲ್ಲ. ಅಜ್ಜಿ, ಅಪ್ಪ, ಅಮ್ಮ ಒಬ್ಬೊಬ್ಬರಾಗಿ ಹೋದರು. ಅಕ್ಕ ಗುಬ್ಬಿಯಲ್ಲಿ ಟೀಚರ್ ಆಗಿ, ಅಲ್ಲಿನ ಶಾಲೆಯಲ್ಲೇ ರಿಟೈರ್ ಆದಳು. ನಡುವೆ ತಾನೇ ಮೆಚ್ಚಿದ ಒಬ್ಬ ಮೇಷ್ಟ್ರನ್ನು ಮದುವೆಯಾದಳು. ಹೋದ ವರ್ಷ ಅವಳೂ ತೀರಿಕೊಂಡಳು. ಅಂದು ಬಂದವರಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ನನ್ನ ಕೈ ಹಿಡಿದು, “ನಮ್ಮಪ್ಪ ಸ್ಕೂಲ್ ಬಿಡಿಸಕ್ಕೆ ಬಂದಿದ್ದ ಕಣಮ್ಮ, ಟೀಚರ್ ಬಿಡ್ಲಿಲ್ಲ,” ಎಂದಳು. ಇದನ್ನು ಕೇಳಿಸಿಕೊಳ್ಳಲು ಅಪ್ಪ ಇರಬೇಕಿತ್ತು ಎಂದುಕೊಂಡೆ.