ಅಮೃತಶಿಲೆಯ ಹುಡುಗಿಯ ಹಣೆ

ಆ ಹುಡುಗಿಯನ್ನು ಆನೆಕೊಂಡದ ನಮ್ಮ ಮನೆಗೆ ತಂದ ದಿನದಿಂದ ನನಗೆ ನೆಮ್ಮದಿಯಿರಲಿಲ್ಲ. ಅದು ಐವತ್ತರ ದಶಕದ ಕೊನೆ. ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಹರಿಹರದಲ್ಲಿ ಇಂಗ್ಲಿಷ್ ಸಾಹೇಬನೊಬ್ಬ ಬಿಟ್ಟುಹೋದ ಬಂಗಲೆ ಖಾಲಿ ಮಾಡುವಾಗ ಯಾರಿಗೂ ಬೇಡವಾಗಿ ಉಳಿದ, ತಲೆಯಿಂದ ಎದೆಯವರೆಗಷ್ಟೇ ಇದ್ದ ಅಮೃತಶಿಲೆಯ ಮೂರ್ತಿ ಅದು. ಹಿಂದಿನ ಶತಮಾನದಲ್ಲಿ ಯಾವುದೋ ಪರದೇಶದಲ್ಲಿ ಕೆತ್ತಿದ ರೈತರ ಹುಡುಗಿ. ತಲೆಗೆ ವಸ್ತ್ರ, ಹೆಗಲ ಮೇಲೆ ನಾಲ್ಕು ಗೋಧಿ ತೆನೆ. ಕಂಬಳಿಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಇಳಿಯುವಾಗ ಕಾಲು ಜೋಮು ಹಿಡಿದಿತ್ತು.

ನನ್ನ ಹುಡುಗರು ಅಲ್ಲಿಯವರೆಗೆ ಮಡಕೆ, ಚೆಂಬು ನೋಡಿಯೇ ನೆರಳು ಬರೆಯಲು ಕಲಿತವರು. ಬಿಳಿ ಮುಖದ ಮೇಲೆ ಬೆಳಕು ಹೇಗೆ ಜಾರುತ್ತದೆಂದು ಪರೀಕ್ಷೆಗೆ ಮುಂಚೆ ಅವರಿಗೆ ತೋರಿಸಲೇಬೇಕೆಂಬುದು ನನ್ನ ಹಟ. ಅದಕ್ಕೆ ಆಕೆ ಬೆಳ್ಳಗಿರಬೇಕು, ಅಷ್ಟೇ.

ಅವ್ವನಿಗೆ ಅದು ಸರಿಬರಲಿಲ್ಲ. "ಕೈಯಿಲ್ಲ ಕಾಲಿಲ್ಲ, ಹೋಗ್ಲಿ. ಹಣೀಗೆ ಒಂದು ಬೊಟ್ಟಾದ್ರೂ ಬ್ಯಾಡೇನೋ?" ಅಂದಳು. ಈ ಕಲ್ಲು ಬಣ್ಣ ಹೀರುತ್ತದೆ, ಮುಟ್ಟಬೇಡ ಎಂದು ಹತ್ತು ಸಲ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಶುಕ್ರವಾರ ಶಾಲೆಯಿಂದ ಬಂದರೆ ಹಣೆಯ ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ! ಒರೆಸಿದೆ, ಕೆಂಪು ಹೋಗಲಿಲ್ಲ. ಮಂಗಳವಾರ ಮತ್ತೆ ಅದೇ ಕಥೆ. ಅವ್ವ ಹಚ್ಚಿರಲಾರಳು, ಅಪ್ಪ ತೀರಿಹೋದ ಮೇಲೆ ಆಕೆ ಕುಂಕುಮದ ಬಟ್ಟಲು ಮುಟ್ಟಿದವಳಲ್ಲ. ಇದು ಪಕ್ಕದ ಮನೆಯಾಕೆಯದೇ ಕೆಲಸ ಎಂದು ಅವರ ಬಾಗಿಲಿಗೇ ಹೋಗಿ ಕೂಗಾಡಿದೆ.

"ನನ್ಯಾಕ ಬೈತೀರಿ ಮೇಷ್ಟ್ರೇ? ನಿಮ್ಮವ್ವಾರೇ ಕರೆದು ಹಚ್ಚಿಸ್ತಾರ. ತಾವು ದೂರ ನಿಂತ್ಕಂಡು ನೋಡ್ತಾರ," ಅಂದಳು ಆಕೆ.

ಸಿಟ್ಟಿನಲ್ಲಿ ಊರು ಸುತ್ತಿ ಮನೆಗೆ ಬರುವಷ್ಟರಲ್ಲಿ ಅವ್ವ ತಪ್ಪು ತಿದ್ದಲು ಹೊರಟು, ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೆಂಬಿನ ಹಾಗೆ ಮೂರ್ತಿಯನ್ನು ತಿಕ್ಕಿಬಿಟ್ಟಿದ್ದಳು. ಹುಳಿಗೆ ಮುಖದ ಹೊಳಪೆಲ್ಲ ಹೋಗಿ ಸುಣ್ಣದ ಗೋಡೆಯಂತಾಗಿತ್ತು. ಕೆಂಪು ಮಾತ್ರ ಹಾಗೇ ಇತ್ತು. ಪರೀಕ್ಷೆಗೆ ಹದಿನೈದು ದಿನ. ನನಗೆ ತಲೆ ಕೆಟ್ಟುಹೋಯಿತು.

"ಹಣೆ ಬರಿದಾಗಿದ್ರೆ ನಿನ್ನ ಗಂಟೇನು ಹೋಗ್ತಿತ್ತವ್ವಾ?" ಎಂದು ಅರಚಿದೆ.

ಅವ್ವ ಕೈಯಲ್ಲಿದ್ದ ಹುಣಸೆ ಚರಟವನ್ನೇ ನೋಡುತ್ತ ನಿಂತಳು. "ಬರೀ ಹಣೀಲಿ ಇರೋದು ಹೆಂಗಿರ್ತೈತೆ ಅಂತ ನಿಂಗೇನು ಗೊತ್ತಪ್ಪ. ನಂದು ಮುಗೀತು, ಹೋಗ್ಲಿ. ಅದಿನ್ನೂ ಸಣ್ಣ ಹುಡುಗಿ," ಅಂದಳು.

ಹುಡುಗರು ಆ ವರ್ಷವೂ ಚೆಂಬನ್ನೇ ಬರೆದರು. ಮುಂದಿನ ಶುಕ್ರವಾರ ನಾನೇ ಪಕ್ಕದ ಮನೆಯ ಬಾಗಿಲಿಗೆ ಹೋಗಿ, "ಅವ್ವ ಕಾಯ್ತಾಳ, ಕುಂಕುಮ ತಗಂಡು ಬರ್ರಿ," ಎಂದೆ.